ನಮ್ಮಪ್ಪನ ಬ್ಯಾಂಕಿಗೆ ಮೆಷಿನ್ ಬಂದದ್ದು

ಮೊನ್ನೆ ಶಿವಮೊಗ್ಗದ ಸೀರೆ ಅಂಗಡಿಯೊಂದರಲ್ಲಿ ನನ್ನ ಮರ್ಯಾದೆ ಹೋಯಿತು. ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ. ದುಡ್ಡು ಕೊಡಲೆಂದು ಪರ್ಸಿಗೆ ಕೈಹಾಕಿ, ಸಿಕ್ಕಿದ ಕಾರ್ಡನ್ನು ಕೌಂಟರಿನ ಹುಡುಗಿಯ ಕೈಗಿತ್ತೆ. ಅವಳು ಉಜ್ಜಿದಳು. ತಿರುಗಿಸಿ ಉಜ್ಜಿದಳು. ಚೂಡಿದಾರದ ತುದಿಯಲ್ಲಿ ಒರೆಸಿ ಮತ್ತೊಮ್ಮೆ ಉಜ್ಜಿದಳು. ಕೊನೆಗೆ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, "ಇದು ಯಾವ ಬ್ಯಾಂಕು ಮೇಡಂ?" ಎಂದಳು.

ನೋಡಿದರೆ ನೀಲಿ ಬಣ್ಣದ ಆಟದ ಕಾರ್ಡು. ಎಷ್ಟೋ ವರ್ಷಗಳಿಂದ ಅದು ನನ್ನ ಪರ್ಸಿನ ಹಿಂದಿನ ಖಾನೆಯಲ್ಲಿ ವಾಸವಾಗಿದೆ. "ನಮ್ಮಪ್ಪಂದು" ಎಂದುಬಿಟ್ಟೆ. ಹಿಂದೆ ನಿಂತಿದ್ದ ಹೆಂಗಸರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸ್ವಂತ ಬ್ಯಾಂಕಿರುವವರ ಮಗಳು ಇಷ್ಟು ಅಗ್ಗದ ಸೀರೆ ಉಡುತ್ತಾಳೆಯೇ ಎಂದುಕೊಂಡಿರಬೇಕು. ನಾನು ತಿದ್ದಲು ಹೋಗಲಿಲ್ಲ, ಏಕೆಂದರೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮಪ್ಪ ಬಸ್ ಕಂಡಕ್ಟರ್. ನರಸಿಂಹರಾಜಪುರ, ಅಂದರೆ ಎನ್.ಆರ್.ಪುರದಿಂದ ಕೊಪ್ಪ, ಕೊಪ್ಪದಿಂದ ಶೃಂಗೇರಿ, ದಿನಕ್ಕೊಂದು ಸಲ ಅಲ್ಲಿಂದ ಕೆರೆಕಟ್ಟೆ, ಹೀಗೆ ನಮ್ಮ ಮೂರು ತಾಲ್ಲೂಕುಗಳನ್ನು ಹೊಲಿಗೆ ಹಾಕಿದಂತೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಅವರು ತಲೆಕೂದಲು ಕಪ್ಪಿದ್ದಾಗ ಹತ್ತಿದವರು, ಬೆಳ್ಳಗಾದ ಮೇಲೂ ಇಳಿದಿರಲಿಲ್ಲ. ದಾರಿಯ ಜನರಿಗೆಲ್ಲ ಅವರು ಚಂದ್ರಣ್ಣ. ಯಾರ ಮನೆಯ ಸೊಸೆ ಬಸುರಿ, ಯಾರ ಹಸು ಕರು ಹಾಕಿತು, ಯಾವ ಹುಡುಗ ಶಾಲೆಗೆಂದು ಬಸ್ಸು ಹತ್ತಿ ಸಿನಿಮಾ ಟಾಕೀಸಿನ ಹತ್ತಿರ ಇಳಿದ, ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಮನೆಗೆ ಬಂದು ಹೇಳುತ್ತಿರಲಿಲ್ಲ ಅಷ್ಟೆ. ಅಮ್ಮನಿಗೆ ಅವರ ಮೇಲಿದ್ದ ದೊಡ್ಡ ದೂರು ಅದೇ.

ಬಿಸಿನೆಸ್ ಆಟ ನಿಮಗೂ ಗೊತ್ತಿರುತ್ತದೆ. ದಾಳ ಹಾಕಿ, ಊರೂರು ಸುತ್ತಿ, ಬೊಂಬಾಯಿ, ಕಲ್ಕತ್ತಾಗಳನ್ನು ಕೊಂಡು, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲು ಮಾಡುವ ಆಟ. ನಾನೂ ತಮ್ಮ ಪ್ರಕಾಶನೂ ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಅದನ್ನು ನೋಡಿ ಬಂದು, ನಮಗೂ ಬೇಕೆಂದು ಹಟ ಹಿಡಿದೆವು. ಅಪ್ಪ ಹೋಗಿ ಬೋರ್ಡನ್ನು ಪರೀಕ್ಷೆ ಮಾಡಿ ಬಂದರು. ಅದರಲ್ಲಿ ಅವರಿಗೆ ಪರಿಚಯದ ಒಂದು ಊರೂ ಇರಲಿಲ್ಲ. ನಮ್ಮ ಬಸ್ಸು ಹೋಗದ ಊರಿಗೆ ನೀವು ಹೋಗಿ ಮಾಡುವುದು ಎಂತದು ಎಂದು ಕೇಳಿದರು. ಮುಂದಿನ ವಾರ ಹಳೇ ಬಸ್ಸಿನ ಸೀಟಿನ ಪ್ಲೈವುಡ್ ಒಂದನ್ನು ಶೆಡ್ಡಿನಿಂದ ತಂದು, ಬಸ್ಸುಗಳ ಮೇಲೆ ಹೆಸರು ಬರೆಯುವ ಪೇಂಟರಿಗೆ ಕಾಫಿ ತಿಂಡಿ ಕೊಡಿಸಿ, ನಮ್ಮದೇ ಬೋರ್ಡು ಬರೆಸಿದರು. ಬಸ್ಸಿನ ಮೈಮೇಲೆ ಇರುತ್ತದಲ್ಲ, ಕೆಂಪಕ್ಷರಕ್ಕೆ ಹಳದಿ ನೆರಳು, ಹಾಗೇ ಬರೆದಿದ್ದ. ಕೊಪ್ಪ, ಮೇಗುಂದ, ಸೀತೂರು, ಕೆರೆಕಟ್ಟೆ ಎಂದು ಒಂದೊಂದು ಮನೆಯೂ ಮಿರಮಿರ ಮಿಂಚುತ್ತಿತ್ತು.

ದರ ಹಳೆಯದಾಗಿ ರದ್ದಾದ ಟಿಕೆಟ್ ಕಟ್ಟುಗಳೇ ನಮ್ಮ ದುಡ್ಡು. ಗುಲಾಬಿ ಐದು, ಹಸಿರು ಹತ್ತು. ಬ್ಯಾಂಕು ಯಾವಾಗಲೂ ಅಪ್ಪ. ಟಿಕೆಟ್ ಕಟ್ಟು ಹಿಡಿದ ಮೇಲೆ ಅವರು ಆಟ ಆಡುವವರಲ್ಲ, ಆಡಿಸುವವರು. ನಿಯಮಗಳೂ ಅವರವೇ. ಊರಿನ ಬಾಡಿಗೆಯೆಂದರೆ ಅಲ್ಲಿಗೆ ಬಸ್ಸಿನ ದರವೇ. ಜೈಲಿನ ಬದಲು ಪಂಚರ್. ಚಾನ್ಸ್ ಕಾರ್ಡಿನ ಮೇಲೆ 'ಕೆರೆಕಟ್ಟೆ ದಾರಿಯಲ್ಲಿ ಮರ ಬಿದ್ದಿದೆ, ಹಿಂದೆ ಹೋಗಿ' ಎಂದಿರುತ್ತಿತ್ತು. ಪ್ರಕಾಶ ಚಿಕ್ಕವನೆಂದು ಅವನಿಗೆ ಎಲ್ಲ ಊರಿನಲ್ಲೂ ಅರ್ಧ ಟಿಕೆಟ್. ಮೀಸೆ ಚಿಗುರುವವರೆಗೆ ಅವನು ಈ ಸವಲತ್ತನ್ನು ಬಿಡಲಿಲ್ಲ. ಆಟಕ್ಕೆ ಕೂರುವ ಮುಂಚೆ ಮಂಡಿ ಬಗ್ಗಿಸಿ ಕುಳ್ಳಗಾಗಿ ನಡೆದು ಬರುತ್ತಿದ್ದ.

ಅಮ್ಮನದೂ ಒಂದು ನಿಯಮವಿತ್ತು. ಶೃಂಗೇರಿಯನ್ನು ಯಾರೂ ಕೊಳ್ಳುವಂತಿಲ್ಲ. ದೇವರಿರುವ ಜಾಗವನ್ನು ಕ್ರಯಕ್ಕೆ ಹಿಡಿಯುವುದುಂಟಾ ಎಂದು ಅವಳು ಮೊದಲ ದಿನವೇ ಮುಖ ಗಂಟಿಕ್ಕಿದ್ದಳು. ಆದ್ದರಿಂದ ನಮ್ಮ ಬೋರ್ಡಿನಲ್ಲಿ ಶೃಂಗೇರಿಗೆ ಬಂದವರಿಗೆ ಬಾಡಿಗೆಯಿಲ್ಲ, ಬರೀ ಊಟ. ಊಟವಾದ ಮೇಲೆ ಸ್ವಲ್ಪ ಅಡ್ಡಾಗಬೇಕಲ್ಲ, ಅದಕ್ಕೆ ಒಂದು ಆಟ ಬಿಡಬೇಕು. ಇಂಥ ನಿಯಮ ಜಗತ್ತಿನ ಯಾವ ಬಿಸಿನೆಸ್ ಬೋರ್ಡಿನಲ್ಲೂ ಇರಲಾರದು ಎಂದು ನಾನು ಈಗಲೂ ಕೊಚ್ಚಿಕೊಳ್ಳುತ್ತೇನೆ.

ಮಾತು ಎಲ್ಲಿಗೋ ಹೋಯಿತು. ಮೆಷಿನ್ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದು, ಕೊಪ್ಪದಲ್ಲಿ ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಲಗ್ನಪತ್ರಿಕೆ ಟೈಪು ಮಾಡುವುದು ನನ್ನ ಕೆಲಸ. ಒಮ್ಮೆ ಮದುಮಗನ ಜಾಗದಲ್ಲಿ ಮಾವನ ಹೆಸರು ಹಾಕಿದ್ದು ಬಿಟ್ಟರೆ ನನ್ನ ಮೇಲೆ ದೂರಿರಲಿಲ್ಲ. ಮನೆಯಲ್ಲಂತೂ ಗುಂಡಿ ಇರುವ ಯಾವ ವಸ್ತು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಮಿಕ್ಸಿಯನ್ನೂ ಸೇರಿಸಿ.

ಒಂದು ಸಂಜೆ ಅಪ್ಪ ಬಂದವರೇ ಚೀಲವನ್ನು ಮೊಳೆಗೆ ಹಾಕದೆ ಕುರ್ಚಿಯ ಮೇಲೆ ಒಗೆದರು. ಅಷ್ಟರಿಂದಲೇ ಏನೋ ಆಗಿದೆಯೆಂದು ಗೊತ್ತಾಯಿತು. ಬಸ್ಸಿನ ಓನರು ಕಂಡಕ್ಟರುಗಳನ್ನೆಲ್ಲ ಶೆಡ್ಡಿಗೆ ಕರೆಸಿ, ದೀಪಾವಳಿ ಕಳೆದ ಮೇಲೆ ಟಿಕೆಟ್ ಕಟ್ಟು ಇರುವುದಿಲ್ಲ, ಎಲ್ಲರೂ ಕೈಯಲ್ಲಿ ಹಿಡಿಯುವ ಮೆಷಿನ್ನಿನಲ್ಲೇ ಟಿಕೆಟ್ ಕೊಡಬೇಕು, ಆಗದವರಿಗೆ ಶೆಡ್ಡಿನಲ್ಲಿ ಏನಾದರೂ ಕೆಲಸ ನೋಡೋಣ ಎಂದರಂತೆ. ಆಮೇಲೆ ಒಬ್ಬೊಬ್ಬರ ಕೈಗೂ ಮೆಷಿನ್ ಕೊಟ್ಟು ಒತ್ತಿಸಿದರಂತೆ.

ಅಲ್ಲಿ ಅಪ್ಪನಿಗೆ ಅವರ ಹೆಬ್ಬೆರಳು ಕೈಕೊಟ್ಟಿತು. ಟಿಕೆಟ್ ಹರಿಯುವವರ ಅಭ್ಯಾಸ ನಿಮಗೆ ಗೊತ್ತಲ್ಲ. ಹಾಳೆ ಬಿಡಿಸಲು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸುತ್ತಾರೆ. ಇಷ್ಟು ವರ್ಷ ಟಿಕೆಟ್ ಹರಿದ ನಮ್ಮಪ್ಪನಿಗೆ ಅದು ಉಸಿರಾಟದ ಹಾಗೆ ಆಗಿಹೋಗಿತ್ತು. ಮೆಷಿನ್ ಕೈಗೆ ಬಂದಾಗಲೂ ಬೆರಳು ನಾಲಗೆಗೆ ಹೋಯಿತು, ನಾಲಗೆಯಿಂದ ಗುಂಡಿಗೆ ಬಂತು. ಒದ್ದೆ ಬೆರಳು ಜಾರಿ ಒಂದರ ಬದಲು ಎರಡು ಗುಂಡಿ ಒತ್ತಿ, ಮೇಗುಂದಕ್ಕೆ ಒಂದು ಟಿಕೆಟ್ ಕೇಳಿದರೆ ಮೊಳದುದ್ದ ಕಾಗದ ಹೊರಗೆ ಬಂತಂತೆ. ಹೊಸ ಹುಡುಗರು ಕಿಸಕ್ಕನೆ ನಕ್ಕರಂತೆ. ಒಬ್ಬ, ಚಂದ್ರಣ್ಣ, ಅದು ಮೆಷಿನ್ನು, ಉಪ್ಪಿನಕಾಯಿ ಅಲ್ಲ ಎಂದನಂತೆ.

ಇದನ್ನು ಹೇಳಿ ಮುಗಿಸಿ ಅಪ್ಪ ಕಾಲು ತೊಳೆಯಲು ಹೋದರು. ವಾಪಸ್ ಬಂದು ಮುಖ ಒರೆಸುತ್ತ, ಬಟ್ಟೆಯೊಳಗಿನಿಂದಲೇ ಅಂದರು: "ದೀಪಾವಳಿ ತನಕ ಹೋಗ್ತೇನೆ. ಆಮೇಲೆ ಬಿಟ್ಟುಬಿಡ್ತೇನೆ. ಶೆಡ್ಡಲ್ಲಿ ಟೈರು ಕಾಯ್ಕೊಂಡು ಕೂರುವುದು ನನ್ನ ಕೈಲಾಗುವುದಲ್ಲ."

ಸಂಬಳದ ಚಿಂತೆ ಇತ್ತು, ಇಲ್ಲವೆನ್ನಲಾರೆ. ಆದರೆ ಅದಕ್ಕಿಂತ ಹೆಚ್ಚಾಗಿ, ಬಸ್ಸಿಲ್ಲದ ಅಪ್ಪನನ್ನು ನಮಗೆ ಯಾರಿಗೂ ಊಹಿಸಲು ಬರುತ್ತಿರಲಿಲ್ಲ. ರಜೆಯ ದಿನ ಕೂಡ ಅವರು ಹೊಸಿಲ ಹತ್ತಿರ ನಿಂತು ಒಳಗೆ ಬರುವವರಿಗೆ ಮುಂದೆ ಹೋಗಿ, ಮುಂದೆ ಹೋಗಿ ಎನ್ನುತ್ತಿದ್ದ ಮನುಷ್ಯ. ಅಂಥವರು ಟೈರುಗಳ ನಡುವೆ ಕುಳಿತದ್ದನ್ನು ನೆನೆಸಿಕೊಂಡು ನನಗೆ ಅಳು ಬಂತು. ನನಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆಯನ್ನೆಲ್ಲ ಹೇಳಿಕೊಡುತ್ತೇನೆ ಎಂದೆ. ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ.

ಚೌತಿ ಹಬ್ಬಕ್ಕೆ ಪ್ರಕಾಶ ಬಂದ. ಅವನು ಆಗ ಮಂಗಳೂರಿನ ಆಟದ ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಶೋಕೇಸಿನಲ್ಲಿಟ್ಟು ಮುಚ್ಚಳ ಹರಿದುಹೋಗಿದ್ದ ಒಂದು ಡಬ್ಬಿಯನ್ನು ಅರ್ಧ ಬೆಲೆಗೆ ತಂದಿದ್ದ. ಬಿಸಿನೆಸ್ ಆಟವೇ, ಆದರೆ ಹೊಸ ಕಾಲದ್ದು. ನೋಟುಗಳೇ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕಾರ್ಡು, ನನಗೆ ಬಂದದ್ದು ನೀಲಿ, ಜೊತೆಗೆ ಅಂಗೈಯಗಲದ ಮೆಷಿನ್ನು. ಕಾರ್ಡನ್ನು ಒಂದು ಬದಿಗೆ ತೂರಿಸಿ ಗುಂಡಿ ಒತ್ತಿದರೆ ದುಡ್ಡು ಸೇರುತ್ತದೆ, ಇನ್ನೊಂದು ಬದಿಗೆ ತೂರಿಸಿದರೆ ಕಳೆಯುತ್ತದೆ. ಅಪ್ಪನಿಗೆ ತೋರಿಸಿದೆವು. ಅವರು ದೂರದಿಂದಲೇ ನೋಡಿ, ಇದರಲ್ಲಿ ಹಾಫ್ ಟಿಕೆಟ್ ಎಲ್ಲಿದೆ ಎಂದು ಕೇಳಿ, ಇಲ್ಲವೆಂದ ಮೇಲೆ ಪೇಪರು ಓದಲು ಕುಳಿತರು.

ಆ ಮೆಷಿನ್ನಿನ ಗುಂಡಿಗಳನ್ನು ನೋಡುತ್ತಿದ್ದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ನನ್ನ ತಲೆಯಲ್ಲಿ ಅದು ದಿನಾ ಹತ್ತುವಂಥದ್ದಲ್ಲ, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಒಂದರಿಂದ ಒಂಬತ್ತು, ಕೆಳಗೆ ಸೊನ್ನೆ. ಟಿಕೆಟ್ ಮೆಷಿನ್ನಿನಲ್ಲೂ ಅಂಕೆಗಳು ಇರುವುದು ಹೀಗೇ ತಾನೆ? ಡಬ್ಬಿಯಲ್ಲಿ ಬಂದ ಹೊಳೆಯುವ ಬೋರ್ಡನ್ನು ಪಕ್ಕಕ್ಕಿಟ್ಟೆ. ಅಟ್ಟದಿಂದ ನಮ್ಮ ಪ್ಲೈವುಡ್ ಇಳಿಸಿ, ಮೆಷಿನ್ನನ್ನು ಅದರ ನಡುವೆ ಕೂರಿಸಿದೆ. ನಮ್ಮ ಊರುಗಳು, ನಮ್ಮ ದರ, ದುಡ್ಡು ಮಾತ್ರ ಕರೆಂಟಿನದು. ಹೀಗೆ ನಮ್ಮ ಮನೆಯ ಬ್ಯಾಂಕು ಆಧುನಿಕವಾಯಿತು. ಒಂದೇ ತೊಂದರೆ, ಆ ಮೆಷಿನ್ನಿಗೆ ಲಕ್ಷಕ್ಕಿಂತ ಕಡಿಮೆ ಮಾತಾಡಲು ಬರುತ್ತಿರಲಿಲ್ಲ. ಐದು ರೂಪಾಯಿ ಐದು ಲಕ್ಷವಾಯಿತು. ಮೇಗುಂದದಿಂದ ಕೊಪ್ಪಕ್ಕೆ ಹೋಗಿಬರುವಷ್ಟರಲ್ಲಿ ಅಮ್ಮ ಲಕ್ಷಾಧೀಶ್ವರಿ.

ಅಪ್ಪ ಮಾತ್ರ ಹತ್ತಿರ ಬರಲಿಲ್ಲ. ಬ್ಯಾಂಕು ನೀವೇ ಆಗಬೇಕು ಎಂದು ಕರೆದರೆ, ಇಷ್ಟು ವರ್ಷ ಬ್ಯಾಂಕು ನಾನೇ ಆಗಿದ್ದೆ, ಈಗ ಅದನ್ನೂ ಮೆಷಿನ್ನಿಗೆ ಕೊಟ್ಟಾಯಿತಲ್ಲ ಎಂದರು. ಆಗ ಅಮ್ಮ ಸೆರಗು ಸಿಕ್ಕಿಸಿಕೊಂಡು, ಹಾಗಾದರೆ ನಾನೇ ಬ್ಯಾಂಕು ಎಂದು ಮೆಷಿನ್ನನ್ನು ಮಡಿಲಿಗೆ ಎಳೆದುಕೊಂಡಳು.

ಅಮ್ಮನ ಬ್ಯಾಂಕಿನ ಕಾರುಬಾರು ಹೇಗಿತ್ತೆಂದರೆ, ಬಸ್ ದರವೆಲ್ಲ ತಲೆಕೆಳಗು. ಪಕ್ಕದ ಊರಿಗೆ ಇಪ್ಪತ್ತು, ದೂರದ ಊರಿಗೆ ಆರು. ಧೈರ್ಯವಾಗಿ ಗುಂಡಿ ಒತ್ತುವುದು, ಬಾಯಿಗೆ ಬಂದ ದರ ಕೂಗುವುದು. ಪೇಪರಿನ ಹಿಂದೆ ಅಪ್ಪ ಒಮ್ಮೆ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೆಮ್ಮಿದರು. ಅಮ್ಮ ಕೇಳಿಸದವಳಂತೆ, ಶೃಂಗೇರಿಯಿಂದ ಕೆರೆಕಟ್ಟೆಗೆ ಐದು ಎಂದಳು. ಪೇಪರು ಕೆಳಗೆ ಬಿತ್ತು.

"ಕೆರೆಕಟ್ಟೆಗೆ ಯಾರೇ ಐದು ರೂಪಾಯಿಗೆ ಕರ್ಕೊಂಡು ಹೋಗುವುದು? ಆ ಘಾಟಿ ಹತ್ತಲಿಕ್ಕೆ ಡೀಸೆಲ್ ನಿಮ್ಮಪ್ಪ ಹಾಕಿಸ್ತಾನಾ? ಕೊಡು ಇಲ್ಲಿ."

ಕೊಟ್ಟಳು. ಅಮ್ಮ ಅಷ್ಟು ವರ್ಷ ಅಪ್ಪನ ಜೊತೆ ಆ ದಾರಿಯಲ್ಲಿ ಓಡಾಡಿದವಳು. ಕೆರೆಕಟ್ಟೆಯ ದರ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲವೇ ಎಂದು ನಾನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಾಳೆ.

ಮೆಷಿನ್ ಅಪ್ಪನ ಕೈಗೆ ಬಂತು, ಹೆಬ್ಬೆರಳು ನಾಲಗೆಗೆ ಹೋಯಿತು. ಅದನ್ನು ನೋಡಿದ್ದೇ ನಾನು ಹೊಸ ನಿಯಮ ಮಾಡಿದೆ. ಬ್ಯಾಂಕು ಬೆರಳು ನೆಕ್ಕಿದಾಗಲೆಲ್ಲ ಎಲ್ಲ ಆಟಗಾರರಿಗೂ ಹತ್ತು ಹತ್ತು ದಂಡ ಕೊಡಬೇಕು. ಅಪ್ಪ, ಅದೇನು ಮಹಾ ಎಂದು ಒಪ್ಪಿಕೊಂಡರು. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಬ್ಯಾಂಕು ದಿವಾಳಿ. ದಂಡ ಕೊಡಲು ಗುಂಡಿ ಒತ್ತಬೇಕು, ಒತ್ತುವ ಮುಂಚೆ ಬೆರಳು ನಾಲಗೆಗೆ ಹೋಗುತ್ತದೆ, ಅದಕ್ಕೆ ಇನ್ನೊಂದು ದಂಡ. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಅಪ್ಪನಿಗೆ ನಗು ಬರಲಿಲ್ಲ. ಇಡೀ ಸರ್ವೀಸಿನಲ್ಲಿ ಒಂದು ಪೈಸೆ ಕಡಿಮೆ ಬಿದ್ದವರಲ್ಲ ಅವರು. ಕೈ ತೊಳೆದು ಬಂದು, ನಾಳೆ ಮತ್ತೆ ಆಡುವುದು ಎಂದರು. ಅದು ಪ್ರಶ್ನೆಯಲ್ಲ, ಆರ್ಡರು.

ಪ್ರಕಾಶ ಹಬ್ಬ ಮುಗಿಸಿ ಮಂಗಳೂರಿಗೆ ಹೋದ. ಮೆಷಿನ್ನನ್ನು ಬಿಟ್ಟುಹೋದ. ಅಪ್ಪ ಕೊನೆಯ ಟ್ರಿಪ್ ಮುಗಿಸಿ ಬಂದ ಮೇಲೆ ನಾವು ಮೂವರೂ ದಿನಾ ಪ್ಲೈವುಡ್ಡಿನ ಸುತ್ತ ಕೂರುತ್ತಿದ್ದೆವು. ಅಪ್ಪ ಬೆರಳಿನ ಜೊತೆ ಯುದ್ಧ ಮಾಡುತ್ತಿದ್ದರು. ಕೆಲವು ದಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಬಟ್ಟೆಯನ್ನೂ ನೆಕ್ಕಿದರು. ಕೊನೆಗೆ ಅಮ್ಮ ಬೇವಿನೆಣ್ಣೆಯ ಸೀಸೆ ತಂದಿಟ್ಟಳು. ಪ್ರಕಾಶ ಮಗುವಾಗಿದ್ದಾಗ ಬೆರಳು ಚೀಪುವುದನ್ನು ಬಿಡಿಸಿದ್ದು ಅದೇ ಎಣ್ಣೆ. ಕೂದಲು ಬೆಳ್ಳಗಾದ ನಮ್ಮಪ್ಪ ಶಾಲೆಯ ಹುಡುಗನ ಹಾಗೆ ಹೆಬ್ಬೆರಳು ಮುಂದೆ ಚಾಚಿದರು, ಅಮ್ಮ ಹಚ್ಚಿದಳು. ಮೊದಲ ಬಾಡಿಗೆಗೇ ಅವರ ಮುಖ ಕಿವುಚಿದಂತಾಯಿತು. ನಾನು ಆ ಸಲ ನಗಲಿಲ್ಲ. ನನಗೆ ಆಗ ಅಪ್ಪನ ಮೇಲೆ ಹುಟ್ಟಿದ ಅಭಿಮಾನ ಅವರ ಯೂನಿಫಾರ್ಮು ನೋಡಿ ಕೂಡ ಎಂದೂ ಹುಟ್ಟಿರಲಿಲ್ಲ. ಆ ವಯಸ್ಸಿನಲ್ಲಿ ಮನುಷ್ಯ ಹೊಸದನ್ನು ಕಲಿಯಬಹುದು, ಆದರೆ ಹಳೆಯದನ್ನು ಬಿಡಲು ಬೆರಳಿಗೆ ಕಹಿ ಹಚ್ಚಿಕೊಳ್ಳುವವರು ಎಷ್ಟು ಜನ?

ದಂಡ ಕಡಿಮೆಯಾಗುತ್ತ ಬಂತು. ಅಮ್ಮನ ಐಶ್ವರ್ಯ ಇಳಿಯತೊಡಗಿತು. ದೀಪಾವಳಿಯ ಹಿಂದಿನ ವಾರ ಅಪ್ಪ ಮೆಷಿನ್ ನೋಡದೆ, ನಮ್ಮ ಮುಖ ನೋಡಿಕೊಂಡೇ ಒತ್ತುತ್ತಿದ್ದರು, ಬಸ್ಸಿನಲ್ಲಿ ಜನರ ಮುಖ ನೋಡಿಕೊಂಡು ಟಿಕೆಟ್ ಹರಿಯುವ ಹಾಗೆ. ಶೆಡ್ಡಿನಲ್ಲಿ ನಿಜವಾದ ಮೆಷಿನ್ನನ್ನೂ ಮತ್ತೊಮ್ಮೆ ಒತ್ತಿ ನೋಡಿ ಬಂದು, ಅದರಲ್ಲಿ ಹಾಫ್‌ಗೆ ಬೇರೆಯೇ ಗುಂಡಿ ಇದೆ, ನಿಮ್ಮ ಮೆಷಿನ್ನಿಗಿಂತ ಅದೇ ವಾಸಿ ಎಂದು ನನಗೆ ಹೇಳಿದರು. ಬಿಡುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಆದರೂ ತುಂಬಿದ ಬಸ್ಸಿನಲ್ಲಿ ಜನರೆದುರು ಏನಾಗುತ್ತದೋ ಎಂಬ ಭಯ ನನಗಿತ್ತು. ಅವರಿಗೂ ಇತ್ತು. ಮೆಷಿನ್ ಹಿಡಿಯುವ ಮೊದಲ ದಿನ ಬೆಳಿಗ್ಗೆ ಕಾಫಿಯನ್ನು ಅರ್ಧ ಬಿಟ್ಟು ಹೋದರು.

ನಾನು ಅಂಗಡಿಯ ಬಾಗಿಲು ತೆಗೆದು, ಎನ್.ಆರ್.ಪುರದಲ್ಲಿ ಯಾರಿಗೋ ಲಗ್ನಪತ್ರಿಕೆ ಕೊಟ್ಟು ಬರಬೇಕೆಂದು ಪಕ್ಕದವರಿಗೆ ಹೇಳಿ, ಖಾಲಿ ಕವರೊಂದನ್ನು ಹಿಡಿದು ಅಪ್ಪನ ಬಸ್ಸು ಹತ್ತಿದೆ. ಸೀತೂರಿನ ಮೇಲೆ ಎನ್.ಆರ್.ಪುರಕ್ಕೆ ಹೋಗುವ ಟ್ರಿಪ್ಪು. ಹಬ್ಬ ಮುಗಿಸಿ ಊರಿಗೆ ಹೊರಟವರ ಗದ್ದಲ. ಬಾಗಿಲ ಹತ್ತಿರದ ಸೀಟು ಹಿಡಿದೆ. ಅಪ್ಪ ಸಿಕ್ಕಿಹಾಕಿಕೊಂಡರೆ ಎದ್ದು ಹೋಗಿ ಒತ್ತಿಕೊಡುವುದೆಂದು ನನ್ನ ಲೆಕ್ಕಾಚಾರ. ಅಪ್ಪ ನನ್ನನ್ನು ನೋಡಿದರೂ ನೋಡದವರಂತೆ ಹಿಂದಿನ ಸೀಟಿನಿಂದ ಟಿಕೆಟ್ ಕೊಡುತ್ತ ಬಂದರು. ನಾನು ಕತ್ತು ತಿರುಗಿಸಿ ಅವರ ಹೆಬ್ಬೆರಳನ್ನೇ ನೋಡುತ್ತ ಕುಳಿತೆ. ಬಸ್ಸು ಗುಂಡಿಗೆ ಬಿದ್ದೆದ್ದಾಗಲೆಲ್ಲ ನನ್ನ ಎದೆಯೂ ಬಿದ್ದೇಳುತ್ತಿತ್ತು. ಬೆರಳು ಬಾಯಿಯ ಕಡೆ ಒಮ್ಮೆಯೂ ಹೋಗಲಿಲ್ಲ.

ನನ್ನ ಎದುರು ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದರು. ಅಪ್ಪ ಕೊಟ್ಟ ಚೀಟಿಯನ್ನು ಅವರು ಹಿಂದೆ ಮುಂದೆ ತಿರುಗಿಸಿದರು.

"ಇದೆಂತದು ಚಂದ್ರಣ್ಣ, ಅಂಗಡಿ ಬಿಲ್ಲು ಕೊಟ್ಟಿದ್ದೀಯಲ್ಲ ಮಾರಾಯ. ನಂಗೆ ಟಿಕೆಟ್ ಕೊಡು."

ಅಪ್ಪ ಬಗ್ಗಿ, ಇನ್ನು ಮೇಲೆ ಟಿಕೆಟ್ ಹೀಗೇ ಇರುತ್ತದೆ, ಇದರಲ್ಲಿ ಊರು, ದರ, ಹೊತ್ತು ಎಲ್ಲ ಬರೆದಿದೆ ಎಂದು ಬೆರಳಿಟ್ಟು ತೋರಿಸಿದರು. ಮುದುಕಿಗೆ ಓದಲು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಚೀಟಿಯನ್ನೂ ಅಪ್ಪನ ಮುಖವನ್ನೂ ನೋಡಿದರು.

"ನೀನೇ ಕೊಟ್ಟದ್ದಲ್ವ, ಸರಿ ಇರ್ತದೆ ಬಿಡು" ಎಂದು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

ನನಗೆ ಕಣ್ಣು ಮಂಜಾಯಿತು. ಬಸ್ಸಿನಲ್ಲಿದ್ದವರೆಲ್ಲರಿಗೂ ಕೇಳುವಂತೆ ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅಪ್ಪ ನನ್ನ ಸೀಟಿಗೆ ಬಂದಿದ್ದರು. ಎಲ್ಲಿಗೆ ಎಂದು, ಗುರುತಿಲ್ಲದವರನ್ನು ಕೇಳುವಂತೆ ಕೇಳಿದರು. ಎನ್.ಆರ್.ಪುರ ಎಂದು ನೋಟು ಚಾಚಿದೆ. ಮೆಷಿನ್ ಕಿರ್ರೆಂದಿತು. ಚೀಟಿ, ಚಿಲ್ಲರೆ ಎರಡೂ ಕೈಗೆ ಬಂದವು. ಚಿಲ್ಲರೆ ಜಾಸ್ತಿಯೆನ್ನಿಸಿ ಚೀಟಿ ನೋಡಿದೆ. ಸೀತೂರಿಗೆ ಟಿಕೆಟ್ ಹರಿದಿದ್ದರು. ಅಯ್ಯೋ, ಒತ್ತುವಾಗ ಊರು ತಪ್ಪಿದೆ ಎಂದುಕೊಂಡೆ.

"ಅಪ್ಪಾ, ನಾನು ಎನ್.ಆರ್.ಪುರ ಅಂದದ್ದು" ಎಂದು ಪಿಸುಗುಟ್ಟಿದೆ.

"ಕೇಳಿಸ್ತು" ಎಂದರು ಅಪ್ಪ. ನನ್ನ ಕೈಯಲ್ಲಿದ್ದ ಖಾಲಿ ಕವರನ್ನು ನೋಡಿದರು. "ಅಷ್ಟು ದೂರ ನೀನು ಬರುವುದು ಬೇಡ. ಸೀತೂರಲ್ಲಿ ಇಳಿ, ಎದುರಿಂದ ನಮ್ಮದೇ ಇನ್ನೊಂದು ಬಸ್ಸು ಬರ್ತದೆ, ಹತ್ಕೊಂಡು ಅಂಗಡಿಗೆ ಹೋಗು. ನನಗೆ ಇಲ್ಲಿ ಕೆಲಸ ಇದೆ."

ಸೀತೂರಿನಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು ನಿಂತರು. ಬೇಗ ಇಳಿಯಮ್ಮ, ಹಿಂದೆ ಜನ ಇದ್ದಾರೆ ಎಂದರು. ಇಳಿದೆ. ರೈಟ್ ಎಂದು ಬಾಗಿಲು ಬಡಿದರು, ಬಸ್ಸು ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೂ ಗಾಜಿನೊಳಗೆ ಅವರ ಬೆನ್ನು ಕಾಣುತ್ತಿತ್ತು. ಒಂದು ಸಲವೂ ತಿರುಗಿ ನೋಡಲಿಲ್ಲ, ಯಾರಿಗೋ ಟಿಕೆಟ್ ಕೊಡುತ್ತಿದ್ದರು. ಆ ರಸ್ತೆಬದಿಯಲ್ಲಿ ವಾಪಸ್ ಬಸ್ಸಿಗೆ ಕಾಯುತ್ತ, ನಡುದಾರಿಯಲ್ಲಿ ಇಳಿಸಿಹೋದ ಕಂಡಕ್ಟರ್ ನಮ್ಮಪ್ಪನೇ ಎಂದು ಹೇಳಿಕೊಳ್ಳಲು ನಾನು ಯಾರಾದರೂ ಪರಿಚಯದವರು ಬರುತ್ತಾರೋ ಎಂದು ದಾರಿ ನೋಡುತ್ತ ನಿಂತೆ.